ಒಡೆಯರಿಲ್ಲದ ಊರಿನ ಕಟ್ಟಳೆಗಳು

1993ರ ಆಗಸ್ಟ್ 16ರಂದು, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 20ರ ಹರೆಯದ ಇಯಾನ್ ಮರ್ಡಾಕ್ ಒಂದು ಪ್ರಕಟಣೆ ಹೊರಡಿಸಿದರು. ಲಿನಕ್ಸ್ ಕರ್ನಲ್ ಎಂಬ ತಿರುಳು ತಂತ್ರಾಂಶದ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಒಪ್ಪವಾಗಿ ಜೋಡಿಸಿ ಜನರ ಕೈಗೆ ಕೊಡುವ ಕೆಲಸಕ್ಕೆ ಇಳಿದಿದ್ದೇನೆ, ಕೈಜೋಡಿಸುವವರು ಬನ್ನಿ ಎಂಬುದು ಅದರ ಸಾರ. ತಮ್ಮ ಹೆಸರಿಗೆ ಗೆಳತಿ ಡೆಬ್ರಾ ಹೆಸರನ್ನು ಕೂಡಿಸಿ ಆ ಕೆಲಸಕ್ಕೆ ಡೆಬಿಯನ್ ಎಂದು ಹೆಸರಿಟ್ಟರು. ಐದು ವರ್ಷ ಕಳೆದ ಮೇಲೆ, 1998ರ ಡಿಸೆಂಬರಿನಲ್ಲಿ, ಈ ಯೋಜನೆ ತನಗೆ ತಾನೇ ಒಂದು ಸಂವಿಧಾನವನ್ನು ಬರೆದುಕೊಂಡಿತು. ಸಂಬಳ ಕೊಡುವ ಮಾಲೀಕರಿಲ್ಲ, ಸರ್ಕಾರದ ಆದೇಶವಿಲ್ಲ, ಬಹುಪಾಲು ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಂಥ ನೂರಾರು ಮಂದಿಗೆ ಸಂವಿಧಾನದ ಅಗತ್ಯ ಏಕೆ ಬಂತು? ಓಪನ್ ಸೋರ್ಸ್ ಲೋಕಕ್ಕೆ ಹೊಸದಾಗಿ ಬರುವವರು ಕೋಡ್ ಕಲಿಯುವಷ್ಟೇ ಶ್ರದ್ಧೆಯಿಂದ ಈ ಕಥೆಯನ್ನೂ ತಿಳಿಯಬೇಕು. ಅಲ್ಲಿನ ಸ್ವಾತಂತ್ರ್ಯ ಉಳಿದಿರುವುದು ಕೋಡಿನಿಂದ ಮಾತ್ರವಲ್ಲ, ಕೂಡಿ ತೀರ್ಮಾನಿಸುವ ಕಟ್ಟಳೆಗಳಿಂದಲೂ ಹೌದು.

ಲೈಸೆನ್ಸ್ ಹೇಳದೆ ಬಿಟ್ಟದ್ದು

ಕಥೆಯ ಬೇರು ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನು ಯೋಜನೆಯನ್ನು ಸಾರಿದರು. 1989ರಲ್ಲಿ ಅವರ ಬಳಗದಿಂದ ಜಿಪಿಎಲ್ ಎಂಬ ಲೈಸೆನ್ಸ್ ಹೊರಬಂತು. ಅದರ ತಿರುಳು ಸರಳ: ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಸೋರ್ಸ್ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚುವವರು ಅದೇ ಹಕ್ಕುಗಳನ್ನು ಮುಂದಿನವರಿಗೂ ಬಿಟ್ಟುಕೊಡಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನಲ್ ಮರುವರ್ಷವೇ ಈ ಲೈಸೆನ್ಸಿನಡಿ ಬಂತು.

ಈ ಲೈಸೆನ್ಸಿನಿಂದ ಒಂದು ದೊಡ್ಡ ಹಕ್ಕು ಸಿಕ್ಕಿತು. ಮುಂದಾಳಿನ ನಡೆ ಹಿಡಿಸದಿದ್ದರೆ ಇಡೀ ಕೋಡನ್ನು ಪ್ರತಿ ಮಾಡಿಕೊಂಡು ಬೇರೆ ದಾರಿ ಹಿಡಿಯಬಹುದು. ಇದಕ್ಕೆ ಫೋರ್ಕ್ ಮಾಡುವುದು ಎನ್ನುತ್ತಾರೆ. ಹೊರಟವರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲವಾದ್ದರಿಂದ, ಮುಂದಾಳು ಎಷ್ಟೇ ಪ್ರತಿಭಾವಂತನಾಗಿದ್ದರೂ ಜೊತೆಗಿರುವವರ ಒಪ್ಪಿಗೆಯಿಂದಲೇ ನಡೆಸಬೇಕಾಯಿತು.

ಆದರೆ ಹೋಗುವ ಹಕ್ಕನ್ನು ಕೊಟ್ಟ ಲೈಸೆನ್ಸ್, ಕೂಡಿ ಇರುವುದು ಹೇಗೆಂದು ಹೇಳಲಿಲ್ಲ. ಮುಖ್ಯ ಪ್ರತಿಗೆ ಯಾರ ತಿದ್ದುಪಡಿ ಸೇರಬೇಕು? ಯೋಜನೆಯ ಹೆಸರು ಯಾರ ಸ್ವತ್ತು? ದೇಣಿಗೆಯ ಹಣ ಯಾರ ಖಾತೆಯಲ್ಲಿರಬೇಕು? ಇಬ್ಬರು ಬಲ್ಲವರು ಎದುರುಬದುರಾದರೆ ಕೊನೆಯ ಮಾತು ಯಾರದು? ಒಂದೊಂದು ಬಳಗ ಇದಕ್ಕೆ ಒಂದೊಂದು ಉತ್ತರ ಹುಡುಕಿತು. ಲಿನಕ್ಸ್ ಕರ್ನಲ್ಲಿನಲ್ಲಿ ಕೊನೆಯ ಮಾತು ಟೊರ್ವಾಲ್ಡ್ಸ್ ಅವರದೇ. 1995ರಲ್ಲಿ ಎಂಟು ಜನ ಸೇರಿ ಕಟ್ಟಿದ ಅಪಾಚೆ ವೆಬ್ ಸರ್ವರ್ ಗುಂಪಿನಲ್ಲಿ ಒಪ್ಪಿಗೆಗೆ +1, ವಿರೋಧಕ್ಕೆ -1 ಎಂದು ಮತ ಹಾಕುವ ರೂಢಿ ಬೆಳೆಯಿತು. ಕೋಡಿನ ಬದಲಾವಣೆಯನ್ನು ತಡೆಯುವವರು ತಾಂತ್ರಿಕ ಕಾರಣ ಕೊಡಲೇಬೇಕು. ಡೆಬಿಯನ್ ಹಿಡಿದ ದಾರಿ ಇವೆರಡಕ್ಕಿಂತ ದೂರದ್ದು.

ಗುಂಪು ಗಣರಾಜ್ಯವಾದದ್ದು

ಡೆಬಿಯನ್‌ನಲ್ಲಿ ಒಂದೊಂದು ತಂತ್ರಾಂಶವನ್ನು ಒಂದೊಂದು ಪ್ಯಾಕೇಜ್ ಎಂದು ಕಟ್ಟಿ, ಅದರ ಹೊಣೆಯನ್ನು ಒಬ್ಬ ಮೇಂಟೇನರಿಗೆ ವಹಿಸುತ್ತಾರೆ. ಈ ಏರ್ಪಾಡಿನಿಂದ ಕೆಲಸ ಹಂಚಿಹೋಯಿತು, ಬಳಗ ಬಹು ಬೇಗ ಬೆಳೆಯಿತು. 1996ರ ಜೂನಿನ 1.1 ಆವೃತ್ತಿಯಲ್ಲಿ 474 ಪ್ಯಾಕೇಜುಗಳಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ 848 ಪ್ಯಾಕೇಜು, 120 ಡೆವಲಪರುಗಳು. 1998ರ ಜುಲೈನ 2.0 ಆವೃತ್ತಿಯ ಹೊತ್ತಿಗೆ ಪ್ಯಾಕೇಜುಗಳು 1500 ದಾಟಿದವು, ಡೆವಲಪರುಗಳು 400 ದಾಟಿದರು. ನೂರು ಜನರಿದ್ದಾಗ ಪರಸ್ಪರ ನಂಬಿಕೆಯ ಮೇಲೆ ಸಾಗುತ್ತಿದ್ದ ಕೆಲಸ ನಾನೂರು ಜನರಾದಾಗ ಸಾಗದು. ಯಾರ ಮಾತಿಗೆ ಎಷ್ಟು ತೂಕ ಎಂಬುದು ಹಳಬರಿಗಷ್ಟೇ ಗೊತ್ತಿದ್ದರೆ ಹೊಸಬರು ಕತ್ತಲಲ್ಲಿ ತಡವರಿಸುತ್ತಾರೆ.

ಮರ್ಡಾಕ್ 1996ರಲ್ಲಿ ಮುಂದಾಳತ್ವವನ್ನು ಬ್ರೂಸ್ ಪೆರೆನ್ಸ್ ಅವರಿಗೆ ಒಪ್ಪಿಸಿದರು. ಪೆರೆನ್ಸ್ ಕಾಲದ ದೊಡ್ಡ ಕೊಡುಗೆ 1997ರ ಜುಲೈನಲ್ಲಿ ಬಳಗ ಅಂಗೀಕರಿಸಿದ ಸಾಮಾಜಿಕ ಒಪ್ಪಂದ. ಡೆಬಿಯನ್ ಎಂದೆಂದೂ ಮುಕ್ತವಾಗಿ ಉಳಿಯುತ್ತದೆ, ದೋಷಗಳನ್ನು ಮುಚ್ಚಿಡುವುದಿಲ್ಲ, ಬಳಕೆದಾರರ ಹಿತವೇ ಮೊದಲು ಎಂಬ ಮಾತುಗಳನ್ನು ಬಳಗ ಲೋಕದ ಮುಂದೆ ಕೊಟ್ಟಿತು. ಯಾವ ಲೈಸೆನ್ಸನ್ನು ಮುಕ್ತವೆನ್ನಬಹುದು ಎಂಬ ಮಾರ್ಗಸೂಚಿಯೂ ಅದರ ಜೊತೆಗಿತ್ತು. 1998ರ ಫೆಬ್ರವರಿಯಲ್ಲಿ ಓಪನ್ ಸೋರ್ಸ್ ಎಂಬ ಹೆಸರನ್ನು ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದಾಗ, ಅದರ ಅಧಿಕೃತ ವ್ಯಾಖ್ಯೆಯನ್ನು ಇದೇ ಮಾರ್ಗಸೂಚಿಯಿಂದ ರೂಪಿಸಿದರು. 1997ರಲ್ಲೇ ಡೆಬಿಯನ್ನಿನ ಹೆಸರನ್ನೂ ಹಣವನ್ನೂ ಕಾಪಾಡಲು ಲಾಭದ ಉದ್ದೇಶವಿಲ್ಲದ ಒಂದು ಪ್ರತ್ಯೇಕ ಸಂಸ್ಥೆ ನೋಂದಣಿಯಾಯಿತು. ಮುಂದಾಳು ಯಾರೇ ಆಗಲಿ, ಹೆಸರು ಮತ್ತು ಹಣ ಅವರ ಜೇಬಿನಲ್ಲಿರಬಾರದು ಎಂಬ ವಿವೇಕ ಆಗಲೇ ಮೂಡಿತ್ತು.

ಆದರೂ ಮುಂದಾಳಿನ ಅಧಿಕಾರಕ್ಕೆ ಎಲ್ಲೆ ಯಾವುದೆಂದು ಬರೆದಿರಲಿಲ್ಲ. ಪೆರೆನ್ಸ್ ನಂತರ 1998ರಲ್ಲಿ ಮುಂದಾಳಾದ ಇಯಾನ್ ಜಾಕ್ಸನ್ ಈ ಕೊರತೆಯನ್ನು ನೀಗಲು ಕೂತರು. ಅವರ ಕಾಲದಲ್ಲಿ ಅಂಗೀಕಾರವಾದ ಸಂವಿಧಾನದ ಏರ್ಪಾಡು ಹೀಗಿದೆ. ಮುಂದಾಳನ್ನು ಡೆವಲಪರುಗಳು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ. ತಾಂತ್ರಿಕ ಜಗಳಗಳಿಗೆ ಹೆಚ್ಚೆಂದರೆ ಎಂಟು ಜನರ ತಾಂತ್ರಿಕ ಸಮಿತಿಯಿದೆ. ಮತದಾನ ನಡೆಸಲು, ನಿಯಮದ ಅರ್ಥದಲ್ಲಿ ತಕರಾರು ಬಂದರೆ ಬಿಡಿಸಲು ಕಾರ್ಯದರ್ಶಿಯಿದ್ದಾರೆ. ಇವರೆಲ್ಲರ ಮೇಲೆ ಡೆವಲಪರುಗಳ ಸಾಮಾನ್ಯ ನಿರ್ಣಯವಿದೆ. ಅಗತ್ಯ ಬೆಂಬಲ ಸಿಕ್ಕರೆ ಯಾವ ಡೆವಲಪರ್ ಬೇಕಾದರೂ ನಿರ್ಣಯ ಮಂಡಿಸಿ, ಮುಂದಾಳಿನ ತೀರ್ಮಾನವನ್ನು ಮತಕ್ಕೆ ಹಾಕಿ ತಿರುಗಿಸಬಹುದು. ಸಂವಿಧಾನವನ್ನೇ ತಿದ್ದಬೇಕಾದರೆ ಒಂದಕ್ಕೆ ಮೂರರಷ್ಟು ಬಹುಮತ ಬೇಕು.

ಈ ಸಂವಿಧಾನದ ಎರಡನೆಯ ಭಾಗದಲ್ಲೇ ಒಂದು ನಿಯಮವಿದೆ: ಯಾರ ಮೇಲೂ ಯಾವ ಕೆಲಸವನ್ನೂ ಹೇರುವಂತಿಲ್ಲ. ಇಷ್ಟವಿಲ್ಲದ ಕೆಲಸವನ್ನು ಬಿಡಬಹುದು; ಆದರೆ ನಿಯಮದಂತೆ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕಬಾರದು. ಸ್ವಯಂಸೇವಕರ ಬಳಗವೊಂದು ತನ್ನ ಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತು ಬರೆದ ವಾಕ್ಯ ಅಪರೂಪ. ಅಲ್ಲಿ ಮುಂದಾಳು ಆಜ್ಞೆ ಮಾಡಿ ಕೆಲಸ ಮಾಡಿಸಲಾರರು, ಮನವೊಲಿಸಬಲ್ಲರು ಅಷ್ಟೆ.

ಮತದ ಹಕ್ಕು ಯಾರಿಗೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಬರುವವರ ಸಂಖ್ಯೆ ಏರಿ, ಅವರನ್ನು ಪರಿಶೀಲಿಸುವ ವ್ಯವಸ್ಥೆ ಸೋತಾಗ, 1999ರಲ್ಲಿ ಹೊಸ ಡೆವಲಪರುಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಮರುವರ್ಷ ಬಾಗಿಲು ತೆರೆದಾಗ ಕ್ರಮ ಖಚಿತವಾಗಿತ್ತು: ಗುರುತು ಸಾಬೀತಾಗಬೇಕು, ಬಳಗದ ತತ್ವ ಮತ್ತು ರೀತಿರಿವಾಜು ತಿಳಿದಿರಬೇಕು, ಕೆಲಸ ಮಾಡಿ ತೋರಿಸಿರಬೇಕು. 2003ರಲ್ಲಿ ಮತದಾನದ ಪದ್ಧತಿಯನ್ನೂ ತಿದ್ದಿದರು. ಮತದಾರರು ಆಯ್ಕೆಗಳಿಗೆ ಕ್ರಮಾಂಕ ಕೊಡುತ್ತಾರೆ. ಉಳಿದ ಪ್ರತಿಯೊಂದನ್ನೂ ಒಂದಕ್ಕೊಂದರ ಹೋಲಿಕೆಯಲ್ಲಿ ಸೋಲಿಸುವ ಆಯ್ಕೆ ಗೆಲ್ಲುತ್ತದೆ.

ಸಂವಿಧಾನದ ಅಗ್ನಿಪರೀಕ್ಷೆ

ಕಟ್ಟಳೆಗಳ ಗಟ್ಟಿತನ ತಿಳಿಯುವುದು ಮನಸ್ಸು ಮುರಿದಾಗ. ಡೆಬಿಯನ್‌ಗೆ ಆ ಹೊತ್ತು 2014ರಲ್ಲಿ ಬಂತು. ಕಂಪ್ಯೂಟರ್ ಚಾಲೂ ಆದಾಗ ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಮೂಲ ತಂತ್ರಾಂಶ ಯಾವುದಿರಬೇಕು ಎಂಬುದು ಪ್ರಶ್ನೆ. ಸಿಸ್ಟಮ್‌ಡಿ ಎಂಬ ಹೊಸದು ಬೇಕೆನ್ನುವವರು ಅದರ ವೇಗ, ಅನುಕೂಲ ಹೇಳಿದರು. ಬೇಡವೆನ್ನುವವರು ಅದು ವ್ಯವಸ್ಥೆಯ ಮೂಲೆಮೂಲೆಗೂ ಕೈಚಾಚುತ್ತದೆ, ಮುಂದೆ ಆಯ್ಕೆಯೇ ಉಳಿಯದು ಎಂದು ಅಂಜಿದರು. ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಎಂಟು ಮತಗಳು ನಾಲ್ಕು ನಾಲ್ಕಾಗಿ ಒಡೆದವು. ಅಧ್ಯಕ್ಷ ಬ್ಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತವನ್ನು ಸಿಸ್ಟಮ್‌ಡಿಗೆ ಕೊಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ನವೆಂಬರಿನಲ್ಲಿ ಸಾಮಾನ್ಯ ನಿರ್ಣಯದ ಮತದಾನ ನಡೆದು, ಈ ವಿಷಯಕ್ಕೆ ನಿರ್ಣಯವೇ ಬೇಕಿಲ್ಲ ಎಂಬ ಆಯ್ಕೆ ಗೆದ್ದಿತು. ದುಡಿದು ದಣಿದಿದ್ದ ಕೆಲವು ಹಿರಿಯರು ಹುದ್ದೆ ಬಿಟ್ಟರು. ಸಂವಿಧಾನದ ಹಿಂದಿದ್ದ ಜಾಕ್ಸನ್ ಅವರೇ ತಾಂತ್ರಿಕ ಸಮಿತಿಯಿಂದ ಹೊರಬಂದರು. ಒಪ್ಪದವರ ಒಂದು ಗುಂಪು ಡೆವುವಾನ್ ಎಂಬ ಫೋರ್ಕ್ ಸಾರಿ, 2017ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದಿತು.

ನೋವು ಸಣ್ಣದಲ್ಲ. ಆದರೆ ಪರಿಣಾಮಗಳನ್ನು ನೋಡಿ. ಹೊರಟವರು ಕೋಡಿನ ಸಮೇತ ಹೊರಟರು, ಯಾರೂ ಅವರನ್ನು ಕೋರ್ಟಿಗೆ ಎಳೆಯಲಿಲ್ಲ. ಉಳಿದವರು 2014ರ ಡಿಸೆಂಬರಿನಲ್ಲೇ ತಾಂತ್ರಿಕ ಸಮಿತಿಯ ಸದಸ್ಯತ್ವಕ್ಕೆ ಅವಧಿಯ ಮಿತಿ ಹಾಕಿದರು. 2019ರಲ್ಲಿ ಅದೇ ವಿಷಯ ಮತ್ತೆ ಮತಕ್ಕೆ ಬಂದಾಗಲೂ ಬಳಗ ಒಡೆಯಲಿಲ್ಲ.

ಬರೆದ ಕಟ್ಟಳೆ ಇಲ್ಲದ ಬಳಗಗಳು ಇದೇ ಪಾಠವನ್ನು ತಡವಾಗಿ ಕಲಿತವು. ಪೈಥಾನ್ ಭಾಷೆಯನ್ನು ಹುಟ್ಟಿಸಿದ ಗೀಡೋ ವಾನ್ ರಾಸಮ್ ದಶಕಗಳ ಕಾಲ ಕೊನೆಯ ಮಾತಿನ ಹೊಣೆ ಹೊತ್ತಿದ್ದರು. ಭಾಷೆಗೆ ಒಂದು ಹೊಸ ಚಿಹ್ನೆ ಸೇರಿಸುವ ಪ್ರಸ್ತಾವದ ಮೇಲಿನ ಜಟಾಪಟಿಯಿಂದ ಬಳಲಿ, 2018ರ ಜುಲೈ 12ರಂದು ಆ ಸ್ಥಾನ ಬಿಟ್ಟರು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ, ಹೇಗೆ ಆಳಿಕೊಳ್ಳುತ್ತೀರೋ ನೀವೇ ತೀರ್ಮಾನಿಸಿ ಎಂದರು. ಏಳು ಮಾದರಿಗಳು ಮತಕ್ಕೆ ಬಂದು, ಡಿಸೆಂಬರಿನಲ್ಲಿ ಐವರ ಚುನಾಯಿತ ಮಂಡಳಿಯ ಮಾದರಿ ಗೆದ್ದಿತು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಅದರಲ್ಲಿರುವಂತಿಲ್ಲ. 2019ರ ಮೊದಲ ಮಂಡಳಿಯಲ್ಲಿ ರಾಸಮ್ ಐವರಲ್ಲಿ ಒಬ್ಬರಾಗಿ ಕೂತರು. ಹುಟ್ಟಿಸಿದವರು ಸಾಮಾನ್ಯ ಸದಸ್ಯರಾಗಿ ಮುಂದುವರಿಯುವ ಈ ದೊಡ್ಡತನ ಎಲ್ಲ ಸಾರ್ವಜನಿಕ ಸಂಸ್ಥೆಗಳಿಗೂ ಮೇಲ್ಪಂಕ್ತಿ.

ಅರಳಿ ಕಟ್ಟೆಯಿಂದ ತುಳುವರೆಗೆ

ಕನ್ನಡ ಈ ಕಥೆಯೊಳಗೆ ಬಂದದ್ದು ವಿಕಿಪೀಡಿಯದ ಮೂಲಕ. ಅದಕ್ಕೂ ಮೊದಲು ನಡೆದ ಒಂದು ಒಡಕನ್ನು ಹೇಳಬೇಕು. 2002ರ ಫೆಬ್ರವರಿಯಲ್ಲಿ, ವಿಕಿಪೀಡಿಯದಲ್ಲಿ ಜಾಹೀರಾತು ಬರಬಹುದೆಂಬ ಸುಳಿವು ಸಿಕ್ಕ ಕೂಡಲೇ ಸ್ಪ್ಯಾನಿಷ್ ಬರಹಗಾರರಲ್ಲಿ ಬಹುಪಾಲು ಜನ ತಮ್ಮ ಲೇಖನಗಳ ಸಮೇತ ಹೊರನಡೆದು, ಸೆವಿಯಾ ವಿಶ್ವವಿದ್ಯಾಲಯದ ಸರ್ವರಿನಲ್ಲಿ ತಮ್ಮದೇ ವಿಶ್ವಕೋಶ ಕಟ್ಟಿದರು. ಜಾಹೀರಾತಿನ ಯೋಚನೆ ಕೈಬಿಟ್ಟುಹೋಯಿತು. 2003ರ ಜೂನಿನಲ್ಲಿ ವಿಕಿಪೀಡಿಯ ಖಾಸಗಿ ಕಂಪನಿಯ ಆಸರೆಯಿಂದ ಲಾಭರಹಿತ ವಿಕಿಮೀಡಿಯ ಫೌಂಡೇಶನ್ನಿನ ಆಸರೆಗೆ ಬಂತು. ಕನ್ನಡ ವಿಕಿಪೀಡಿಯ ಹುಟ್ಟಿದ್ದು ಅದೇ ತಿಂಗಳಲ್ಲಿ.

ಹರಿಪ್ರಸಾದ್ ನಾಡಿಗ್, ಯು. ಬಿ. ಪವನಜ ಮೊದಲಾದವರು ಅದನ್ನು ಎಳವೆಯಲ್ಲಿ ಸಾಕಿದರು. ಅಲ್ಲಿನ ಆಡಳಿತ ತೆಳುವಾದದ್ದು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಅಳಿಸುವ, ಪುಟಕ್ಕೆ ಬೀಗ ಹಾಕುವ, ಕಿಡಿಗೇಡಿಗಳನ್ನು ತಡೆಯುವ ಅಧಿಕಾರ ಸಮುದಾಯ ಆರಿಸಿದ ನಿರ್ವಾಹಕರಿಗಿದೆ. ಎಲ್ಲರಿಗೂ ಸಂಬಂಧಿಸಿದ ಚರ್ಚೆಗೆ ಅರಳಿ ಕಟ್ಟೆ ಎಂಬ ಪುಟವಿದೆ. ಸರ್ವರು ಫೌಂಡೇಶನ್ನಿನದು, ಲೇಖನಗಳ ಬಗೆಗಿನ ತೀರ್ಮಾನ ಕನ್ನಡ ಸಮುದಾಯದ್ದು.

ಈ ತೆಳು ಆಡಳಿತಕ್ಕೆ ಒತ್ತಡ ಬಂದದ್ದು 2009ರಿಂದ 2011ರ ನಡುವೆ. ಗೂಗಲ್ ಕಂಪನಿ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ತನ್ನ ಅನುವಾದ ಉಪಕರಣದ ನೆರವಿನಿಂದ ಭಾರತದ ಹಲವು ಭಾಷೆಗಳಿಗೆ ತಂದುಹಾಕಿಸಿತು. ಬಂಗಾಳಿ ಸಮುದಾಯ ಇಂಥ ಲೇಖನಗಳನ್ನು ನಿರಾಕರಿಸಿತು. ತಮಿಳು ಸಮುದಾಯ ಕಂಪನಿಯ ಜೊತೆ ಕೂತು ಮಾತಾಡಿ, ಯಾವ ವಿಷಯ, ಯಾವ ಗುಣಮಟ್ಟ ಎಂದು ಷರತ್ತು ಹಾಕಿತು. ಕನ್ನಡದಲ್ಲೂ ತೊಡಕಿನ ವಾಕ್ಯಗಳ ಉದ್ದುದ್ದ ಲೇಖನಗಳು ಬಂದು ಕೂತವು. ತಿದ್ದುವ ಹೊರೆ ಬೆರಳೆಣಿಕೆಯ ಸ್ವಯಂಸೇವಕರ ಪಾಲಿಗೆ ಉಳಿಯಿತು. ಹೊರಗಿನ ದೊಡ್ಡ ಶಕ್ತಿ ಸಹಾಯದ ರೂಪದಲ್ಲೇ ಬಂದರೂ, ಒಪ್ಪಿಗೆ ಕೊಡುವವರು ಯಾರು, ಯಾವ ಷರತ್ತಿನ ಮೇಲೆ ಎಂಬುದನ್ನು ಬಳಗ ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಕಟ್ಟಳೆ ಕಾಯುವವರಿಗೆ ಅದರ ಫಲವೂ ಸಿಗುತ್ತದೆ ಎಂಬುದಕ್ಕೆ ತುಳು ಸಾಕ್ಷಿ. 2011ರ ಜನಗಣತಿಯ ಪ್ರಕಾರ 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳು ಭಾರತದ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿಲ್ಲ. ಹೊಸ ಭಾಷೆಗೆ ವಿಕಿಪೀಡಿಯ ಕೊಡುವ ನಿಯಮ ಇದನ್ನು ಕೇಳುವುದಿಲ್ಲ. ಭಾಷೆಗೆ ಅಂತಾರಾಷ್ಟ್ರೀಯ ಸಂಕೇತವಿರಬೇಕು, ತಂತ್ರಾಂಶದ ಮುಖ್ಯ ಸಂದೇಶಗಳು ಆ ಭಾಷೆಗೆ ಬಂದಿರಬೇಕು, ಕೆಲವರಾದರೂ ತಿಂಗಳುಗಟ್ಟಲೆ ಬಿಡದೆ ಬರೆಯುತ್ತಿರಬೇಕು; ಇಷ್ಟನ್ನು ವಿಕಿಮೀಡಿಯದ ಭಾಷಾ ಸಮಿತಿ ಪರಿಶೀಲಿಸುತ್ತದೆ. ಪ್ರಯೋಗದ ತಾಣದಲ್ಲಿ 2008ರಿಂದ ಕುಂಟುತ್ತ ಸಾಗಿ, ಕರಾವಳಿಯ ಉತ್ಸಾಹಿಗಳು ಕೈಹಚ್ಚಿದ ಮೇಲೆ ಚುರುಕಾಗಿ, 2016ರ ಆಗಸ್ಟಿನಲ್ಲಿ ಕನ್ನಡ ಲಿಪಿಯ ತುಳು ವಿಕಿಪೀಡಿಯ ಸ್ವತಂತ್ರವಾಯಿತು. ಷರತ್ತು ಮೊದಲೇ ಬರೆದಿಟ್ಟಿದ್ದರಿಂದ ತುಳುವರು ಯಾರ ಮುಲಾಜಿಗೂ ಕಾಯಬೇಕಾಗಲಿಲ್ಲ.

ಪಂಡಿತರ ಭಿನ್ನಮತ

ಇಂಥ ಬಳಗಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಲ್ಲರದ್ದಾದ ಸ್ವತ್ತು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಎಲಿನಾರ್ ಆಸ್ಟ್ರಂ ಸ್ಪೇನ್, ಫಿಲಿಪ್ಪೀನ್ಸ್‌ಗಳ ನೀರಾವರಿ ಕಾಲುವೆಗಳಂಥ ನೂರಾರು ವರ್ಷದ ಏರ್ಪಾಡುಗಳನ್ನು ಪರಿಶೀಲಿಸಿ, ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕುವಲ್ಲಿ ಸ್ವತ್ತು ಉಳಿದಿದೆ ಎಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ನೊಬೆಲ್ ಪಡೆದರು. ಕೋಡು ಬಳಸಿದರೆ ಸವೆಯುವುದಿಲ್ಲ ನಿಜ. ಸವೆಯುವುದು ಮೇಂಟೇನರುಗಳ ಸಮಯ ಮತ್ತು ತಾಳ್ಮೆ.

ಡೆಬಿಯನ್ನನ್ನೇ ಅಧ್ಯಯನ ಮಾಡಿದ ಶಿವಾನ್ ಓಮಹೋನಿ ಮತ್ತು ಫಬ್ರೀಟ್ಸಿಯೊ ಫೆರಾರೊ 2007ರಲ್ಲಿ, ಅಧಿಕಾರದ ಅರ್ಥವನ್ನು ಬಳಗವೇ ಕಾಲಕಾಲಕ್ಕೆ ತಿದ್ದಿಕೊಂಡಿತು ಎಂದು ಕಂಡರು. ಆ್ಯರನ್ ಶಾ ಮತ್ತು ಬೆಂಜಮಿನ್ ಮಾಕೊ ಹಿಲ್ 2014ರಲ್ಲಿ 683 ವಿಕಿಗಳನ್ನು ಪರಿಶೀಲಿಸಿ, ಬಳಗ ಬೆಳೆದಂತೆ ಹಳಬರ ಸಣ್ಣ ಗುಂಪು ಹಿಡಿತ ಬಿಗಿಮಾಡುತ್ತದೆ ಎಂದರು. ಎರಡೂ ಮಾತು ದಿಟವೆಂದೇ ನನಗನಿಸುತ್ತದೆ. ಹಳಬರ ಕೈಗೆ ಅಧಿಕಾರ ಹರಿಯುವುದು ಸಹಜ. ಅದನ್ನು ಮರಳಿ ಹರಡಲು ಅವಧಿಯ ಮಿತಿ, ಬಹಿರಂಗ ದಾಖಲೆ, ಚುನಾವಣೆಗಳನ್ನು ಬುದ್ಧಿಪೂರ್ವಕ ಇಟ್ಟುಕೊಳ್ಳಬೇಕು.

ಗಡಿಯಾಚೆಯ ಕನ್ನಡಕ್ಕೆ ಇದರ ಅರ್ಥ

ಆಂಧ್ರದ ಗಡಿಯಲ್ಲಿರುವ ನಮ್ಮ ಸೀಮೆಯ ಚರಿತ್ರೆ, ತೀರ್ಮಾನದಲ್ಲಿ ಪಾಲು ಬೇಕೆಂಬ ಮಾತಿಗೆ ತೂಕ ತರುತ್ತದೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದಾಗ ಏಳು ತಾಲ್ಲೂಕು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ತೀರ್ಮಾನ ಆಯೋಗಗಳದ್ದು, ಸರ್ಕಾರಗಳದ್ದು. ತುಂಗಭದ್ರೆಯ ದಂಡೆಯ ನಾಗಲದಿನ್ನೆಯಿಂದ ಆಲೂರಿನವರೆಗೆ ಹರಡಿರುವ ಕನ್ನಡದ ಮನೆಗಳು ಆಮೇಲೆ ತಮ್ಮ ಭಾಷೆಯ ಬಗ್ಗೆ ತೀರ್ಮಾನ ಮಾಡುವ ಮೇಜಿನಿಂದ ದೂರವೇ ಉಳಿದವು. ಕರ್ನಾಟಕಕ್ಕೆ ಇವರು ಹೊರರಾಜ್ಯದವರು, ಆಂಧ್ರಕ್ಕೆ ಅಲ್ಪಸಂಖ್ಯಾತರು.

ಮುಕ್ತ ಬಳಗಗಳಲ್ಲಿ ಈ ಗೆರೆ ಇಲ್ಲ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಪ್ಯಾಕೇಜುಗಳಾಗಿವೆ. ಅವುಗಳಲ್ಲಿ ಒತ್ತಕ್ಷರ ಸರಿಯಾಗಿ ಮೂಡದಿದ್ದರೆ ಆಂಧ್ರದ ಎಮ್ಮಿಗನೂರಿನ ಕಾಲೇಜು ಹುಡುಗಿ ಹಾಕುವ ದೂರಿಗೂ ಬೆಂಗಳೂರಿನ ಇಂಜಿನಿಯರ್ ಹಾಕುವ ದೂರಿಗೂ ಒಂದೇ ಸ್ಥಾನ. ಕನ್ನಡ ವಿಕಿಪೀಡಿಯದ ನಿರ್ವಾಹಕರ ಆಯ್ಕೆಯಲ್ಲಿ ಯಾವ ರಾಜ್ಯದವರೆಂದು ಕೇಳುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನ ವಾರ್ಷಿಕ ಸಮಾವೇಶ ಕೊಚ್ಚಿಯಲ್ಲಿ, ಭಾರತದಲ್ಲಿ ಮೊದಲ ಸಲ ನಡೆಯಿತು. ದೂರದ ಲೋಕ ಎನಿಸಿದ್ದು ರೈಲಿನ ದಾರಿಗೆ ಬಂದಿದೆ.

ಆದರೆ ಬಾಗಿಲು ತೆರೆದಿದ್ದರೆ ಸಾಲದು, ಕೊನೆಯವರಿಗೂ ಪಾಲು ತಲುಪಬೇಕು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯಂಚಿನ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1997ರ ಆಂಧ್ರದ ಕಾಯ್ದೆ ನೀರು ಬಳಕೆದಾರರ ಸಂಘಗಳಿಗೆ ಚುನಾವಣೆಯ ಹಕ್ಕು ಕೊಟ್ಟಿತು, ಆದರೂ ನೀರು ತುದಿ ಮುಟ್ಟುವುದು ಮೇಲಿನವರ ನಡತೆಯನ್ನೇ ಅವಲಂಬಿಸಿದೆ. ಮುಕ್ತ ತಂತ್ರಾಂಶದ ಕಾಲುವೆಯಲ್ಲೂ ಇಂಗ್ಲಿಷ್ ಬಲ್ಲವರು, ಬಿಡುವು ಉಳ್ಳವರು ಮೇಲ್ದಂಡೆಯಲ್ಲಿದ್ದಾರೆ. ಅದಕ್ಕೇ ನಿಯಮ ಓದುವುದು ಹೊಸಬರ ಮೊದಲ ಕೆಲಸವಾಗಬೇಕು.

ಯಾವ ಬಳಗ ಸೇರುವ ಮುನ್ನವೂ ನಾಲ್ಕು ಸಂಗತಿ ವಿಚಾರಿಸಿ. ಕೊನೆಯ ಮಾತು ಯಾರದು, ಅದನ್ನು ಬದಲಿಸುವ ದಾರಿ ಯಾವುದು? ಹೆಸರು ಮತ್ತು ಹಣ ಯಾರ ವಶದಲ್ಲಿವೆ? ದುಡಿದವರು ಮತದಾರರಾಗುವುದು ಹೇಗೆ? ಅನ್ಯಾಯವಾದರೆ ದೂರು ಕೇಳುವವರು ಯಾರು? ಹೆಸರಿನ ಪ್ರಶ್ನೆ ಚಿಕ್ಕದೆಂದು ತಿಳಿಯಬೇಡಿ. ಓಪನ್ ಆಫೀಸ್ ಎಂಬ ಕಚೇರಿ ತಂತ್ರಾಂಶದ ಹೆಸರಿನ ಒಡೆತನವಿದ್ದ ಸನ್ ಕಂಪನಿಯನ್ನು ಒರೇಕಲ್ ಕಂಪನಿ ಕೊಂಡ ಮೇಲೆ, 2010ರ ಸೆಪ್ಟೆಂಬರಿನಲ್ಲಿ ಅದರ ಬಳಗದ ಬಹಳ ಜನ ಹೊರಬಂದಾಗ ಕೋಡು ಅವರ ಜೊತೆ ಬಂತು, ಹೆಸರು ಬರಲಿಲ್ಲ. ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬೇರೂರಬೇಕಾಯಿತು.

ಮೂರು ದಶಕಗಳ ಈ ಚರಿತ್ರೆ ಬಿಟ್ಟುಹೋಗಿರುವ ಆಸ್ತಿ ತಂತ್ರಾಂಶಕ್ಕಿಂತ ದೊಡ್ಡದು. ಅಪರಿಚಿತರು ದುಡ್ಡಿನ ಆಸೆಯಾಗಲಿ ದಂಡದ ಭಯವಾಗಲಿ ಇಲ್ಲದೆ ಕೂಡಿ ಕೆಲಸ ಮಾಡಬಲ್ಲರು, ಜಗಳವಾಡಿಯೂ ಮತಕ್ಕೆ ಮಣಿಯಬಲ್ಲರು, ಮಣಿಯಲಾರದವರು ಗೌರವದಿಂದ ಬೇರೆಯಾಗಬಲ್ಲರು ಎಂಬುದು ಸಾಬೀತಾಗಿದೆ. ಈ ಆಸ್ತಿ ಉಳಿಯಬೇಕಾದರೆ ಬಳಸುವವರು ಆಳುವ ಹೊಣೆಗೂ ಹೆಗಲು ಕೊಡಬೇಕು: ಚರ್ಚೆಗೆ ಬರಬೇಕು, ಮತ ಹಾಕಬೇಕು, ಸರದಿ ಬಂದಾಗ ಹುದ್ದೆ ಹೊರಬೇಕು, ಅವಧಿ ಮುಗಿದಾಗ ಹೊಸಬರಿಗೆ ಕಲಿಸಿಕೊಟ್ಟು ಇಳಿಯಬೇಕು. ಗಡಿಯಾಚೆ ಈಚೆ ಎನ್ನದೆ ಕನ್ನಡಿಗರು ಆ ಸರದಿಗೆ ಇಂದೇ ಹೆಸರು ಕೊಡಲಿ.